ಐದು ಸ್ಲೈಡ್ ರೋಲ್ ಅಂಚೆಯಲ್ಲಿ ಕಳಿಸಿ ತೊಳೆಸಬೇಕು, ಧೈರ್ಯ ಬರುತ್ತಿಲ್ಲ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಅಯೋವಾದಲ್ಲಿ, ಊರು ಹೊಸನಗರದ ಹತ್ತಿರ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಎಕ್ಟಾಕ್ರೋಮ್ ಇ100 ಎಂಬ ಸ್ಲೈಡ್ ಫಿಲಂ ಐದು ರೋಲ್ ತೆಗೆದುಕೊಂಡು ಹೋಗಿದ್ದೆ. ಐದೂ ಮುಗಿಸಿಕೊಂಡು ಬಂದಿದ್ದೇನೆ. ಅಡಿಕೆ ಕೊಯ್ಲಿನ ಸಮಯ. ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರು, ಹಂಡೆಯಲ್ಲಿ ಬೇಯುತ್ತಿರುವ ಅಡಿಕೆ, ಬೇಯಿಸಿದ ನೀರಿನ ಚೊಗರಿನ ಕೆಂಪು, ಅಂಗಳದ ತುಂಬ ಒಣ ಹಾಕಿದ್ದು, ಎಲ್ಲ ಇದೆ. ಒಂದು ರೋಲ್ ಪೂರ್ತಿ ಅಜ್ಜಿಯದೇ. ಅವರಿಗೀಗ 88. ಬರುವ ಮಳೆಗಾಲ ಕಳೆದ ಮೇಲೆ ಆ ಮನೆ ಕೆಡವಿ ಹೊಸದು ಕಟ್ಟುತ್ತಾರೆ, ಹಾಗಾಗಿ ಒಳಗಿನ ಕತ್ತಲೆ ಕೋಣೆ, ದೇವರ ಮನೆಯ ದೀಪದ ಬೆಳಕಿನಲ್ಲಿ ಅಜ್ಜಿ, ಹೀಗೆ ಮತ್ತೆ ತೆಗೆಯಲು ಆಗದಂಥ ಚಿತ್ರಗಳೇ ಜಾಸ್ತಿ.

ಇದುವರೆಗೆ ನಾನು ನೆಗೆಟಿವ್ ಮಾತ್ರ ಬಳಸಿದವಳು. ಸ್ಲೈಡ್ ಇದೇ ಮೊದಲು. ಇಲ್ಲಿಯ ಕ್ಯಾಮೆರಾ ಅಂಗಡಿಯಲ್ಲಿ ಕೇಳಿದರೆ ನೆಗೆಟಿವ್ ನಾವೇ ತೊಳೆಯುತ್ತೇವೆ, ಸ್ಲೈಡ್ ಆದರೆ ಹೊರಗೆ ಕಳಿಸುತ್ತೇವೆ, ಮೂರು ವಾರ ಆಗಬಹುದು ಎಂದರು. ಹೊರಗೆ ಅಂದರೆ ಎಲ್ಲಿಗೆ ಅಂತ ಕೌಂಟರಿನಲ್ಲಿದ್ದ ಹುಡುಗನಿಗೆ ಗೊತ್ತಿರಲಿಲ್ಲ. ಅದರ ಬದಲು ನಾನೇ ನೇರವಾಗಿ ಅಂಚೆಯಲ್ಲಿ ಲ್ಯಾಬಿಗೆ ಕಳಿಸೋಣ ಎನಿಸಿದೆ. ಆದರೆ ಲಕೋಟೆಗೆ ಹಾಕಲು ಹೋದರೆ ಕೈ ಬರುತ್ತಿಲ್ಲ. ಎರಡು ಸಲ ಹಾಕಿ ಎರಡು ಸಲ ತೆಗೆದಿದ್ದೇನೆ.

ನೀವು ಯಾವುದನ್ನು ನೋಡಿ ಲ್ಯಾಬ್ ಆರಿಸುತ್ತೀರಿ? ಐದನ್ನೂ ಒಟ್ಟಿಗೆ ಕಳಿಸಬಹುದೇ? ದಾರಿಯಲ್ಲಿ ಎಕ್ಸ್‌ರೇ ಮಾಡುತ್ತಾರಾ? ಬರುವಾಗ ಒಂದು ವಿಮಾನ ನಿಲ್ದಾಣದಲ್ಲಿ ಎಷ್ಟು ಕೇಳಿಕೊಂಡರೂ ಬಿಡದೆ ಕೈಚೀಲದ ಜೊತೆ ಸ್ಕ್ಯಾನರಿಗೆ ಹಾಕಿಬಿಟ್ಟರು, ಆ ಚಿಂತೆ ಬೇರೆ ಇದೆ.

ಇನ್ನೊಂದು. ದೊಡ್ಡಪ್ಪನ ಕ್ಯಾಮೆರಾ ಚೀಲದಲ್ಲಿ ಕೊಡಾಕ್ರೋಮ್ 64 ಎಂಬ ಹಳೆಯ ಸ್ಲೈಡ್ ಫಿಲಂನ ಒಂದು ರೋಲ್ ಸಿಕ್ಕಿತು. ಪೂರ್ತಿ ಹೊಡೆದದ್ದು, ತೊಳೆಸಿಲ್ಲ. 1988ರಲ್ಲಿ ಲಂಡನ್‌ನಿಂದ ತಂದದ್ದಂತೆ. ಅದನ್ನೂ ಇದರ ಜೊತೆಗೇ ಹಾಕಲೇ?

ಈರಿ_ದಂಡೆ:

ಮೇಡಂ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಆ ಕೊಡಾಕ್ರೋಮ್ ರೋಲನ್ನು ದಯವಿಟ್ಟು ಬೇರೆ ಡಬ್ಬಿಗೆ ಹಾಕಿ, ಬೇರೆ ಕಪಾಟಿನಲ್ಲಿಡಿ. ಎಕ್ಟಾಕ್ರೋಮ್ ಜೊತೆ ಯಾವ ಕಾರಣಕ್ಕೂ ಕಳಿಸಬೇಡಿ. ನಿಮ್ಮ ಐದು ರೋಲಿಗೆ ಬೇಕಾದದ್ದು ಇ-6 ಎನ್ನುವ ವಿಧಾನ. ಕೊಡಾಕ್ರೋಮ್‌ಗೆ ಬೇಕಾದದ್ದು ಕೆ-14, ಅದು ಈಗ ಜಗತ್ತಿನಲ್ಲಿ ಯಾವ ಲ್ಯಾಬಿನಲ್ಲೂ ಇಲ್ಲ. ಎಕ್ಟಾಕ್ರೋಮ್‌ನಲ್ಲಿ ಬಣ್ಣ ಹುಟ್ಟಿಸುವ ವಸ್ತು ಫಿಲಂನ ಪದರದೊಳಗೇ ಇರುತ್ತದೆ. ಕೊಡಾಕ್ರೋಮ್‌ನಲ್ಲಿ ಅದು ಇರುವುದೇ ಇಲ್ಲ, ತೊಳೆಯುವಾಗ ಲ್ಯಾಬಿನವರೇ ಒಂದೊಂದು ಬಣ್ಣವಾಗಿ ಸೇರಿಸಬೇಕಿತ್ತು. ಅಷ್ಟೇ ಅಲ್ಲ, ಅದರ ಬೆನ್ನಿಗೆ ಒಂದು ಕಪ್ಪು ಪದರ ಇರುತ್ತದೆ. ತಪ್ಪಿ ಇ-6 ಮಷೀನಿಗೆ ಹೋದರೆ ಆ ಕಪ್ಪು ಬಿಟ್ಟುಕೊಂಡು ಜೊತೆಗಿದ್ದ ಬೇರೆಯವರ ರೋಲೂ ಕೊಳೆ.

ಕೊಡಾಕ್ರೋಮ್ ಶುರುವಾಗಿದ್ದು 1935ರಲ್ಲಿ. 2009ರಲ್ಲಿ ಕೊಡಕ್ ತಯಾರಿಕೆ ನಿಲ್ಲಿಸುತ್ತೇವೆ ಎಂದಿತು. ಆಮೇಲೆ ಉಳಿದ ಒಂದೇ ಲ್ಯಾಬ್ ಕ್ಯಾನ್ಸಸ್‌ನ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೋ. ಅವರು ರೋಲ್ ತೆಗೆದುಕೊಂಡ ಕೊನೇ ದಿನ 2010ರ ಡಿಸೆಂಬರ್ 30. ನಾನೂ ಆ ತಿಂಗಳು ಮೂರು ರೋಲ್ ಕಳಿಸಿದ್ದೆ. ವಾಪಸ್ ಬಂದ ಆ ಸ್ಲೈಡುಗಳ ಕೆಂಪು ಇವತ್ತಿಗೂ ಹಾಗೇ ಇದೆ. ನಿಮ್ಮ ದೊಡ್ಡಪ್ಪನ ರೋಲ್ ಬಣ್ಣದಲ್ಲಿ ಸಿಗುವುದಿಲ್ಲ, ಆದರೆ ಕಪ್ಪು-ಬಿಳುಪಿನಲ್ಲಿ ಏನಾದರೂ ಹೊರಬರಬಹುದು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಫಿಲಂ ರೆಸ್ಕ್ಯೂ ಇಂಟರ್‌ನ್ಯಾಷನಲ್ ಅಂತ ಇದೆ, ಹಳೆಯ ರೋಲ್‌ಗಳಿಗಾಗಿಯೇ ಇರುವ ಲ್ಯಾಬ್. ಅವಸರ ಇಲ್ಲ. 35 ವರ್ಷ ಕಾದದ್ದು ಇನ್ನಾರು ತಿಂಗಳು ಕಾದರೆ ಏನೂ ಆಗದು.

ಈಗ ನಿಮ್ಮ ಐದು ರೋಲ್. ನಾನು 2006ರಿಂದ ಓಹಾಯೋದಿಂದ ಸ್ಲೈಡ್‌ಗಳನ್ನು ಅಂಚೆಯಲ್ಲೇ ಕಳಿಸುತ್ತಿದ್ದೇನೆ. ಒಂದೂ ಕಳೆದಿಲ್ಲ. ಆದರೆ ನಾನು ಐದು ರೋಲ್ ಎಂದೂ ಒಂದೇ ಲಕೋಟೆಯಲ್ಲಿ ಹಾಕಿಲ್ಲ. ಮೊದಲು ಒಂದೇ ಒಂದು ರೋಲ್ ಕಳಿಸಿ. ಹೋದರೆ ಹೊಟ್ಟೆ ಉರಿಯದಂಥ ರೋಲ್ ಯಾವುದೋ ಅದು. ಅದು ಬಂದ ಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿ, ನಂತರ ಎರಡು, ಆಮೇಲೆ ಎರಡು. ಅಜ್ಜಿಯ ರೋಲ್ ಕೊನೆಗೆ ಹೋಗಲಿ. ನೆಗೆಟಿವ್ ಆದರೆ ಸ್ವಲ್ಪ ಹೆಚ್ಚುಕಡಿಮೆ ತೊಳೆದರೂ ಪ್ರಿಂಟಿನಲ್ಲಿ, ಸ್ಕ್ಯಾನಿನಲ್ಲಿ ಸರಿಮಾಡಬಹುದು. ಸ್ಲೈಡ್‌ನಲ್ಲಿ ಕ್ಯಾಮೆರಾದೊಳಗಿದ್ದ ಅದೇ ಫಿಲಂ ತುಂಡೇ ಚಿತ್ರ. ಅದು ಕೆಟ್ಟರೆ ಕೆಟ್ಟಿತು.

ಲ್ಯಾಬಿನ ಹೆಸರು ನಾನು ಹೇಳುವುದಿಲ್ಲ, ಯಾಕೆಂದರೆ ಹೋದ ವರ್ಷ ಚೆನ್ನಾಗಿದ್ದದ್ದು ಈ ವರ್ಷ ಹಾಗೇ ಇರಬೇಕೆಂದಿಲ್ಲ. ಫೋನ್ ಮಾಡಿ ಕೇಳಿ. ಇ-6 ನೀವೇ ತೊಳೆಯುತ್ತೀರಾ ಅಥವಾ ಇನ್ನೊಬ್ಬರಿಗೆ ಕಳಿಸುತ್ತೀರಾ? ವಾರಕ್ಕೆ ಎಷ್ಟು ಸಲ ಓಡಿಸುತ್ತೀರಿ? ಮಷೀನು ಸರಿಯಿದೆಯೇ ಎಂದು ನೋಡುವ ಕಂಟ್ರೋಲ್ ಸ್ಟ್ರಿಪ್ ಹಾಕುತ್ತೀರಾ? ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವವರು ಸಿಕ್ಕರೆ ಸಾಕು, ಒಂದೆರಡು ಡಾಲರ್ ಜಾಸ್ತಿ ಆದರೂ ಅಲ್ಲಿಗೇ ಕಳಿಸಿ. 2012ರಲ್ಲಿ ಕೊಡಕ್ ಎಕ್ಟಾಕ್ರೋಮ್ ನಿಲ್ಲಿಸಿತ್ತು, 2018ರಲ್ಲಿ ಮತ್ತೆ ತಂದಿತು. ನಡುವಿನ ಆ ಆರು ವರ್ಷ ಕೆಲಸ ಕಡಿಮೆಯಿದ್ದರೂ ಇ-6 ಬಿಡದೆ ನಡೆಸಿದ ಲ್ಯಾಬ್ ಆದರೆ ನನಗೆ ಹೆಚ್ಚು ನಂಬಿಕೆ.

ಪ್ಯಾಕಿಂಗ್ ಹೀಗೆ. ಪ್ರತಿ ರೋಲ್ ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿ. ರೋಲಿನ ಮೈಮೇಲೆ ಮಾರ್ಕರಿನಿಂದ 1, 2, 3 ಮತ್ತು ನಿಮ್ಮ ಹೆಸರಿನ ಮೊದಲಕ್ಷರ. ಡಬ್ಬಿಗಳು ಜಿಪ್ ಚೀಲದಲ್ಲಿ, ಅದರೊಳಗೇ ಒಂದು ಚೀಟಿ: ಹೆಸರು, ವಿಳಾಸ, ಫೋನು, ಎಷ್ಟು ರೋಲ್, "ಇ-6" ಎಂದು ದೊಡ್ಡದಾಗಿ. ಲಕೋಟೆ ಹರಿದರೂ ಚೀಟಿ ಫಿಲಂ ಜೊತೆಗೇ ಇರುತ್ತದೆ. ಲಕೋಟೆ ಬದಲು ಸಣ್ಣ ರಟ್ಟಿನ ಪೆಟ್ಟಿಗೆ ಒಳ್ಳೆಯದು, ಗುಂಡಗಿನ ವಸ್ತು ಇರುವ ಲಕೋಟೆ ವಿಂಗಡಿಸುವ ಮಷೀನಿನಲ್ಲಿ ಸಿಕ್ಕಿಕೊಂಡು ಹರಿಯುತ್ತದೆ. ಅಂಚೆ ಕಚೇರಿಯ ಕೌಂಟರಿನಲ್ಲೇ ಕೊಟ್ಟು ಟ್ರ್ಯಾಕಿಂಗ್ ರಸೀದಿ ತೆಗೆದುಕೊಳ್ಳಿ. ಸೋಮವಾರ ಕಳಿಸಿ, ಶನಿವಾರ-ಭಾನುವಾರ ಯಾವುದೋ ಗೋದಾಮಿನಲ್ಲಿ ಕೂರುವುದು ತಪ್ಪುತ್ತದೆ.

ಎಕ್ಸ್‌ರೇ ವಿಷಯ. ಅಮೆರಿಕದೊಳಗಿನ ಅಂಚೆಯನ್ನು ಹಾಗೆಲ್ಲ ಎಕ್ಸ್‌ರೇ ಮಾಡುವ ರೂಢಿ ಇಲ್ಲ. 2001ರ ಆಂಥ್ರಾಕ್ಸ್ ಪ್ರಕರಣದ ನಂತರ ವಿಕಿರಣಕ್ಕೆ ಒಡ್ಡುತ್ತಿರುವುದು ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗಳಿಗೆ ಹೋಗುವ ಅಂಚೆಯನ್ನು. ದೇಶ ದಾಟುವ ಅಂಚೆಗೆ ಮಾತ್ರ ಹೆದರಬೇಕು. ನಿಮ್ಮ ಕೈಚೀಲ ಹೋದದ್ದು ಹಳೆಯ ಮಾದರಿ ಎಕ್ಸ್‌ರೇ ಆಗಿದ್ದರೆ 100 ಐಎಸ್‌ಒ ಫಿಲಂ ಒಂದೆರಡು ಸಲ ತಡೆದುಕೊಳ್ಳುತ್ತದೆ. ಹೊಸ ಸಿಟಿ ಸ್ಕ್ಯಾನರ್ ಆಗಿದ್ದರೆ ಅಪಾಯ ಜಾಸ್ತಿ. ಮೊದಲ ರೋಲ್ ಬಂದಾಗ ಅದೂ ಗೊತ್ತಾಗುತ್ತದೆ.

ಇನ್ನೊಂದು ಮಾತು, ನಿಮ್ಮ ಧೈರ್ಯಕ್ಕೆ. ಅಂಚೆಯಲ್ಲಿ ಫಿಲಂ ಕಳಿಸುವುದು ಹೊಸದೇನಲ್ಲ. 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾ ಬಂದಾಗ ಅದರೊಳಗೆ 100 ಚಿತ್ರದ ಫಿಲಂ ತುಂಬಿಯೇ ಮಾರುತ್ತಿದ್ದರು. ಬೆಲೆ 25 ಡಾಲರ್. ಮುಗಿದ ಮೇಲೆ ಜನ ಇಡೀ ಕ್ಯಾಮೆರಾವನ್ನೇ ಕಂಪನಿಯಿದ್ದ ರಾಚೆಸ್ಟರಿಗೆ ಕಳಿಸುತ್ತಿದ್ದರು. 10 ಡಾಲರಿಗೆ ಚಿತ್ರ ತೊಳೆದು, ಹೊಸ ಫಿಲಂ ತುಂಬಿ ವಾಪಸ್ ಬರುತ್ತಿತ್ತು.

ಕತ್ತಲಕೋಣೆ:

ಈರಿ ದಂಡೆಯವರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಬೆಂಗಳೂರಿನ ಒಂದು ಕಲರ್ ಲ್ಯಾಬಿನಲ್ಲಿ 1991ರಿಂದ 2004ರವರೆಗೆ ಇ-6 ಮಷೀನು ನೋಡಿಕೊಂಡವನು. ವಾರಕ್ಕೆ ಎಷ್ಟು ಸಲ ಓಡಿಸುತ್ತೀರಿ ಅಂತ ಯಾಕೆ ಕೇಳಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ ತಂಗಿ.

ಇ-6ರಲ್ಲಿ ಎಲ್ಲ ನಿಂತಿರುವುದು ಫಸ್ಟ್ ಡೆವಲಪರ್ ಮೇಲೆ. 38 ಡಿಗ್ರಿ, 6 ನಿಮಿಷ. ಅರ್ಧ ಡಿಗ್ರಿ ಆಚೀಚೆಯಾದರೂ ಸ್ಲೈಡಿನಲ್ಲಿ ಕಾಣುತ್ತದೆ. ಬಿಸಿ ಜಾಸ್ತಿಯಾದರೆ ಚಿತ್ರ ತೆಳ್ಳಗೆ, ತಿಳಿಯಾಗುತ್ತದೆ, ಕಡಿಮೆಯಾದರೆ ಕಪ್ಪಿಡುತ್ತದೆ. ಮೊದಲು ಅಲ್ಲಿ ಒಂದು ಕಪ್ಪು-ಬಿಳುಪು ನೆಗೆಟಿವ್ ಹುಟ್ಟುತ್ತದೆ. ಬೆಳಕು ತಾಗದೆ ಉಳಿದ ಬೆಳ್ಳಿಯನ್ನು ಮುಂದಿನ ರಿವರ್ಸಲ್ ದ್ರಾವಣ ಎಬ್ಬಿಸುತ್ತದೆ, ಕಲರ್ ಡೆವಲಪರ್ ಅದರ ಜಾಗದಲ್ಲಿ ಬಣ್ಣ ಕೂರಿಸುತ್ತದೆ, ಆಮೇಲೆ ಬ್ಲೀಚು, ಫಿಕ್ಸರು ಸೇರಿ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತವೆ. ಕೊನೆಗೆ ಫಿಲಂನಲ್ಲಿ ಉಳಿಯುವುದು ಬರೀ ಬಣ್ಣ. ದಿನಾ ರೋಲ್ ಬರುವ ಲ್ಯಾಬಿನಲ್ಲಿ ಈ ದ್ರಾವಣಗಳಿಗೆ ದಿನಾ ಹೊಸದು ಸೇರುತ್ತಿರುತ್ತದೆ, ಕೆಮಿಕಲ್ ಜೀವಂತ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ನಾಲ್ಕು ರೋಲ್ ಹಾಕುವ ಕಡೆ ಡೆವಲಪರ್ ಗಾಳಿಗೆ ಸೊರಗುತ್ತದೆ. ನಾವು ಬೆಳಿಗ್ಗೆ ಮಷೀನು ಬಿಸಿಯಾದ ಕೂಡಲೇ ಮೊದಲು ಕಂಟ್ರೋಲ್ ಸ್ಟ್ರಿಪ್ ಹಾಕುತ್ತಿದ್ದೆವು. ಅದು ಫ್ಯಾಕ್ಟರಿಯಲ್ಲೇ ಬೆಳಕು ತಾಗಿಸಿ ಕಳಿಸಿದ ಪಟ್ಟಿ. ಅದನ್ನು ಫಿಲಂನ ಗಾಢತೆ ಅಳೆಯುವ ಡೆನ್ಸಿಟೋಮೀಟರಿನಲ್ಲಿ ಅಳೆದು, ಅಂಕಿ ಗೆರೆಯೊಳಗೆ ಬಂದರೆ ಮಾತ್ರ ಗಿರಾಕಿಯ ರೋಲ್. ಬಾರದ ದಿನ ಎಷ್ಟು ದೊಡ್ಡ ಫೋಟೋಗ್ರಾಫರ್ ಬಂದು ನಿಂತರೂ ನಮ್ಮ ಮೇಲಿನವರು ಮಷೀನು ಮುಟ್ಟಲು ಬಿಡುತ್ತಿರಲಿಲ್ಲ. ಅವರ ಆ ಹಟದಿಂದ ನಾನು ಕೆಲಸ ಕಲಿತೆ.

ನಿಮ್ಮ ಮೊದಲ ರೋಲ್ ಬಂದಾಗ ಚಿತ್ರ ನೋಡುವ ಮೊದಲು ಅಂಚು ನೋಡಿ. ತೂತುಗಳ ಪಕ್ಕದಲ್ಲಿ ಫಿಲಂನ ಹೆಸರು, ಚಿತ್ರದ ನಂಬರು ಇರುತ್ತವಲ್ಲ, ಅವನ್ನು ಫ್ಯಾಕ್ಟರಿಯಲ್ಲೇ ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ. ನಂಬರು ಚೆನ್ನಾಗಿ ಹೊಳೆಯುತ್ತಿದ್ದು, ಸುತ್ತಲಿನ ಅಂಚು ಕಾಡಿಗೆಯಂತೆ ಕಪ್ಪಗಿದ್ದರೆ ತೊಳೆದದ್ದು ಸರಿಯಾಗಿದೆ. ಹಾಗಿದ್ದೂ ಚಿತ್ರ ಕಪ್ಪಾಗಿದ್ದರೆ ಎಕ್ಸ್‌ಪೋಶರ್ ಕಡಿಮೆ ಕೊಟ್ಟಿದ್ದೀರಿ ಅಂತ. ನಂಬರೂ ಮಂಕು, ಚಿತ್ರವೂ ಮಂಕು ಅಂದರೆ ಲ್ಯಾಬಿಗೆ ಫೋನ್ ಮಾಡಿ. ಅಂಚಿನ ಕಪ್ಪು ಪೂರ್ತಿ ಕಪ್ಪಾಗಿರದೆ ತೆಳುವಾಗಿ, ಬಣ್ಣಕ್ಕೆ ತಿರುಗಿದ್ದರೆ ಎಕ್ಸ್‌ರೇ ತಾಗಿರಬಹುದು, ಇಲ್ಲವೇ ಫಿಲಂ ಹಳತು. ಸ್ಲೈಡಿನಲ್ಲಿ ಮಂಜು ಹಿಡಿಯುವುದು ಕಪ್ಪಿನಲ್ಲೇ.

ದೀಪದ ಬೆಳಕಿನ ಚಿತ್ರ ಇರುವ ರೋಲನ್ನು ಕತ್ತರಿಸಬೇಡಿ ಅಂತ ಬರೆದು ಕಳಿಸಿ. ಇದು ಮರೆಯಬೇಡಿ. ಕತ್ತಲೆ ಚಿತ್ರಗಳಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕತ್ತರಿಸುವವನಿಗೆ ಕಾಣುವುದಿಲ್ಲ, ಎರಡೂ ಕಪ್ಪು. ಚಿತ್ರದ ನಡುವೆಯೇ ಕತ್ತರಿ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಡೀ ರೋಲ್ ಉದ್ದಕ್ಕೆ ಸ್ಲೀವಿನಲ್ಲಿ ಸುತ್ತಿ ಕಳಿಸಿ ಅನ್ನಿ. ಸ್ಲೈಡ್ ಕೂರಿಸುವ ಪ್ಲಾಸ್ಟಿಕ್ ಚೌಕಟ್ಟುಗಳು, ಅಂದರೆ ಮೌಂಟುಗಳು ಸಿಗುತ್ತವೆ, ಮನೆಯಲ್ಲಿ ನೀವೇ ಕತ್ತರಿಸಿ ಹಾಕಿಕೊಳ್ಳಬಹುದು. ಹತ್ತಿಯ ಕೈಗವಸು ಇರಲಿ.

ಮೈಸೂರು_50ಎಂಎಂ:

"ಇ-6 ಎಂದು ದೊಡ್ಡದಾಗಿ ಬರೆಯಿರಿ" ಅನ್ನುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಮೂರು ವರ್ಷದ ಹಿಂದೆ ಕೊರಿಯರಿನಲ್ಲಿ ಎರಡು ರೋಲ್ ಕಳಿಸಿದ್ದೆ, ಒಂದು ನೆಗೆಟಿವ್, ಒಂದು ಸ್ಲೈಡ್. ಚೀಟಿಯಲ್ಲಿ ಬರೀ "2 ರೋಲ್" ಎಂದು ಬರೆದಿದ್ದೆ. ಅವರು ಎರಡನ್ನೂ ಸಿ-41ಗೆ, ಅಂದರೆ ನೆಗೆಟಿವ್ ತೊಳೆಯುವ ದ್ರಾವಣಕ್ಕೆ ಹಾಕಿಬಿಟ್ಟರು. ದಸರಾ ಹತ್ತು ದಿನದ ಚಿತ್ರಗಳು. ಆನೆ, ಅಂಬಾರಿ ಎಲ್ಲ ತಲೆಕೆಳಗಾದ ಬಣ್ಣದಲ್ಲಿ ಬಂದವು. ಸ್ಕ್ಯಾನ್ ಮಾಡಿ ತಿರುಗಿಸಿದರೆ ನೆರಳೆಲ್ಲ ಹಸಿರು, ಮುಖಗಳು ಸುಣ್ಣ ಬಳಿದ ಹಾಗೆ. ಬೇಕೆಂದೇ ಹೀಗೆ ಮಾಡಿಸುವವರೂ ಇದ್ದಾರೆ, ಅದು ಬೇರೆ ವಿಷಯ, ನನಗೆ ಬೇಕಿರಲಿಲ್ಲ. ಲ್ಯಾಬಿನವರು ಕ್ಷಮೆ ಕೇಳಿ ಒಂದು ಹೊಸ ರೋಲ್ ಕೊಟ್ಟರು. ಅಷ್ಟೇ ಅವರ ಹೊಣೆ, ಅದನ್ನು ಆರ್ಡರ್ ಫಾರಂನ ಕೆಳಗೆ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿದ್ದರು. ಈಗ ನಾನು ಸ್ಲೈಡ್ ಮತ್ತು ನೆಗೆಟಿವ್ ಒಂದೇ ಪೆಟ್ಟಿಗೆಯಲ್ಲಿ ಹಾಕುವುದೇ ಇಲ್ಲ.

ಇಲ್ಲಿ ನಾವು ನಾಲ್ಕು ಜನ ಸೇರಿ ಎಂಟು-ಹತ್ತು ಸ್ಲೈಡ್ ರೋಲ್ ಒಟ್ಟಾಗುವವರೆಗೆ ಕಾದು ಹೊರ ಊರಿಗೆ ಕೊರಿಯರ್ ಮಾಡುತ್ತೇವೆ. ಕಾಯುವಾಗ ರೋಲ್‌ಗಳು ಫ್ರಿಜ್ಜಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇರುತ್ತವೆ. ಹೊರಗೆ ತೆಗೆದ ಮೇಲೆ ಡಬ್ಬಿ ತಣುಪು ಬಿಡುವವರೆಗೆ ತೆರೆಯುವುದಿಲ್ಲ, ಇಲ್ಲವಾದರೆ ಒಳಗೆ ನೀರು ಕೂರುತ್ತದೆ.

ಬಚ್ಚಲುಮನೆ_ಲ್ಯಾಬ್:

ಅಂಚೆಗೆ ಇಷ್ಟು ಹೆದರುವ ಬದಲು ಮನೆಯಲ್ಲೇ ತೊಳೆಯಬಹುದಲ್ವಾ? ನಾನು ಎರಡು ವರ್ಷದಿಂದ ಮೂರು ದ್ರಾವಣದ ಕಿಟ್ ತಂದು ಮಾಡುತ್ತಿದ್ದೇನೆ. ಒಂದು ಬಕೆಟ್, ನೀರನ್ನು 38 ಡಿಗ್ರಿಯಲ್ಲಿ ಹಿಡಿದಿಡುವ ಅಡುಗೆಮನೆಯ ಹೀಟರ್, ಒಂದು ಡೆವಲಪಿಂಗ್ ಟ್ಯಾಂಕ್. ಒಂದು ಗಂಟೆಯೊಳಗೆ ಒದ್ದೆ ಸ್ಲೈಡ್ ಕೈಯಲ್ಲಿರುತ್ತದೆ. ಟ್ಯಾಂಕಿನಿಂದ ಎತ್ತಿದಾಗ ನೀರು ತೊಟ್ಟಿಕ್ಕುತ್ತಲೇ ಬಣ್ಣ ಕಾಣುತ್ತದಲ್ಲ, ಅದನ್ನು ಯಾವ ಲಕೋಟೆಯೂ ಕೊಡುವುದಿಲ್ಲ.

ಕತ್ತಲಕೋಣೆ:

ಮಾಡಬಹುದು, ಒಳ್ಳೆಯ ಕೆಲಸ, ಕಲಿಯಲೇಬೇಕು. ಆದರೆ ಮೊದಲ ಸಲ ಮಾಡುವವರು ಅಜ್ಜಿಯ ರೋಲ್ ಮೇಲೆ ಕಲಿಯುವುದು ಬೇಡ. ನೀವು ಮೊದಲ ರೋಲ್ ಹೇಗೆ ತೊಳೆದಿರಿ ಅನ್ನುವುದನ್ನೂ ಅವರಿಗೆ ಹೇಳಿ.

ಬಚ್ಚಲುಮನೆ_ಲ್ಯಾಬ್:

ನಿಜ. ಮೊದಲ ಎರಡು ರೋಲ್ ಹಾಳಾದವು. ಎರಡೂ ನಮ್ಮ ಹಿತ್ತಲಿನ ಹೂವಿನ ಚಿತ್ರಗಳು, ಪರೀಕ್ಷೆಗೆಂದೇ ತೆಗೆದದ್ದು. ಮೇಡಂ, ನೀವು ಅಂಚೆಯಲ್ಲೇ ಕಳಿಸಿ.

ತೋಟದಮನೆ:

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಮೂರು ಲ್ಯಾಬಿಗೆ ಫೋನ್ ಮಾಡಿದೆ. ಒಂದು ಕಡೆ ಫೋನ್ ಎತ್ತಿದವರೇ ಮಷೀನ್ ಮುಂದೆ ನಿಂತಿದ್ದವರು. ವಾರಕ್ಕೆ ಮೂರು ದಿನ ಓಡಿಸುತ್ತೇವೆ, ಪ್ರತಿ ದಿನ ಸ್ಟ್ರಿಪ್ ಹಾಕುತ್ತೇವೆ ಎಂದರು. ಅಲ್ಲಿಗೇ ಕಳಿಸಿದೆ. ಮೊದಲ ರೋಲ್ ತೋಟದ ದಾರಿ, ಹೊಳೆ, ಬಸ್ ನಿಲ್ದಾಣದ್ದು. ಹನ್ನೊಂದು ದಿನಕ್ಕೆ ವಾಪಸ್ ಬಂತು. ಕತ್ತಲಕೋಣೆ ಅಣ್ಣ, ನೀವು ಹೇಳಿದಂತೆ ಮೊದಲು ಅಂಚನ್ನೇ ನೋಡಿದೆ. ನಂಬರು ಬೆಳ್ಳಗೆ, ಸುತ್ತಲೂ ಗಾಢ ಕಪ್ಪು. ಆಗಲೇ ಉಸಿರು ಬಿಟ್ಟದ್ದು. ಸ್ಕ್ಯಾನರಿನಿಂದ ಏನೂ ಆಗಿಲ್ಲ.

ಉಳಿದವು ಎರಡೆರಡಾಗಿ ಹೋಗಿ ಬಂದವು. ಅಜ್ಜಿಯ ರೋಲ್ ಕತ್ತರಿಸದೆ ಕಳಿಸಿ ಅಂದದ್ದು ಎಷ್ಟು ಒಳ್ಳೆಯದಾಯಿತೆಂದರೆ, ದೇವರ ಮನೆಯ ಒಂಬತ್ತು ಚಿತ್ರಗಳ ನಡುವಿನ ಗೆರೆ ನನಗೇ ಕಾಣಲಿಲ್ಲ. ಲೈಟ್ ಪ್ಯಾಡಿನ ಮೇಲೆ ಇಟ್ಟು, ತೂತು ಎಣಿಸಿಕೊಂಡು ಕತ್ತರಿಸಿದೆ, ಒಂದು ಚಿತ್ರಕ್ಕೆ ಎಂಟು ತೂತು. ಒಂಬತ್ತರಲ್ಲಿ ಆರು ಪೂರ್ತಿ ಕಪ್ಪು, ಅಂಚಿನ ನಂಬರು ಚೆನ್ನಾಗಿರುವುದರಿಂದ ತಪ್ಪು ನನ್ನ ಮೀಟರಿಂಗ್‌ದು. ಮೂರು ಉಳಿದಿವೆ. ಒಂದರಲ್ಲಿ ಅಜ್ಜಿ ಬತ್ತಿ ಸರಿಮಾಡುತ್ತಿದ್ದಾರೆ. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ಅವರ ಬೆಂಡೋಲೆಯ ಒಂದೊಂದು ಹರಳಿನಲ್ಲೂ ದೀಪದ ಚುಕ್ಕೆ ಬೇರೆ ಬೇರೆಯಾಗಿ ಕಾಣುತ್ತದೆ. ಬೆರಳ ತುದಿಗೆ ಎಣ್ಣೆ ಹತ್ತಿದೆ, ಅದೂ ಕಾಣುತ್ತದೆ. ಚೊಗರಿನ ಚಿತ್ರದ ಕೆಂಪನ್ನು ಇಲ್ಲಿ ಬರೆದು ತಿಳಿಸಲು ನನಗೆ ಆಗುವುದಿಲ್ಲ, ಹಂಡೆಯ ಮುಂದೆ ನಿಂತವರಿಗೆ ಗೊತ್ತಿರುತ್ತದೆ.

ದೊಡ್ಡಪ್ಪನ ಕೊಡಾಕ್ರೋಮ್ ಬೇರೆ ಡಬ್ಬಿಯಲ್ಲಿದೆ. ಅದನ್ನು ಮುಂದಿನ ತಿಂಗಳು ಕೆನಡಾಕ್ಕೆ ಕಳಿಸುತ್ತೇನೆ, ಕಪ್ಪು-ಬಿಳುಪು ಆದರೂ ಸರಿ ಎಂದು ದೊಡ್ಡಮ್ಮ ಹೇಳಿದ್ದಾರೆ.

ಈಗ ಇನ್ನೊಂದು ಸಹಾಯ ಬೇಕು. ಮೇ ತಿಂಗಳಿಗೆ ಮತ್ತೆ ಊರಿಗೆ ಬರುತ್ತಿದ್ದೇನೆ. ಆ ಮನೆಯ ಜಗಲಿಯ ಗೋಡೆಯ ಮೇಲೆಯೇ ಇವನ್ನು ಅಜ್ಜಿಗೆ ತೋರಿಸಬೇಕೆಂದು ಆಸೆ. ಇಲ್ಲಿ ಸಿಗುವ ಹಳೆಯ ಕರೋಸೆಲ್ ಪ್ರೊಜೆಕ್ಟರ್‌ಗಳು 120 ವೋಲ್ಟಿನವು, ಅಲ್ಲಿಗೆ ಹೊತ್ತು ತಂದರೂ ಹಾಗೇ ಹಾಕುವಂತಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಯಾರ ಬಳಿಯಾದರೂ ಕೆಲಸ ಮಾಡುವ ಸ್ಲೈಡ್ ಪ್ರೊಜೆಕ್ಟರ್ ಇದೆಯಾ? ನಾಲ್ಕು ದಿನಕ್ಕೆ ಸಾಕು. ಬಲ್ಬ್ ಯಾವುದು ಅಂತ ಹೇಳಿದರೆ ನಾನೇ ಹುಡುಕಿ ತರುತ್ತೇನೆ.